ಹಳದಿ ವಿಮಾನ ಮತ್ತು ಪಂಚಾಕ್ಷರಯ್ಯನವರ ಸಹಿ

ನಾನು ವಿಮಾನ ಮುರಿದದ್ದು ೧೯೯೭ರ ಫೆಬ್ರವರಿಯಲ್ಲಿ, ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಿಗೆ. ಆಗ ನನಗೆ ಇಪ್ಪತ್ತಮೂರು ವರ್ಷ. ಪಕ್ಕದಲ್ಲಿ ಗುರುಗಳಿಲ್ಲದೆ ಒಬ್ಬಳೇ ಹಾರಿಸುತ್ತಿದ್ದದ್ದು ನಾಲ್ಕನೇ ಸಲ. ಆ ಕಥೆಯನ್ನು ಬಸವನಗುಡಿಯ ನಮ್ಮ ನೆಂಟರಿಷ್ಟರೆಲ್ಲ ತಮತಮಗೆ ಬೇಕಾದ ಹಾಗೆ ಹೇಳಿಕೊಂಡು ಮುಗಿಸಿದ್ದಾರೆ. ನಾನು ಹೇಳಹೊರಟಿರುವುದು ಆ ವಿಮಾನವನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಪಂಚಾಕ್ಷರಯ್ಯನವರ ವಿಷಯ. ತಪ್ಪು ತನ್ನದು, ಬರೆದುಕೊಳ್ಳಿ ಎಂದು ಒಂಬತ್ತು ವರ್ಷ ಕಚೇರಿಯಿಂದ ಕಚೇರಿಗೆ ಅಲೆದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಅವರ ಮನೆ ಚಾಮರಾಜಪೇಟೆಯಲ್ಲಿ. ಪೇಟೆಯೊಳಗೆ ಅವರದು ನೀರಿನ ಪಂಪುಗಳ ಅಂಗಡಿ. ಅಜ್ಜನ ಕಾಲದಿಂದ ಮನೆಯ ಗಂಡಸರೆಲ್ಲ ಅಲ್ಲೇ ಕೂತು ಬೆಳೆದವರು. ಇವರೊಬ್ಬರು ಮಾತ್ರ ಡಿಪ್ಲೊಮಾ ಓದಿ, ವಿಮಾನ ರಿಪೇರಿಯ ಲೈಸೆನ್ಸ್ ಪಡೆದು, ನಗರದ ಉತ್ತರಕ್ಕೆ ಊರಾಚೆ ಇದ್ದ ನಮ್ಮ ಚಿಕ್ಕ ಹಾರಾಟ ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದರು. ನಾನು ಸೇರುವಷ್ಟರಲ್ಲಿ ಅವರಿಗೆ ಅಲ್ಲಿ ಹತ್ತೊಂಬತ್ತು ವರ್ಷ ಸರ್ವೀಸು. ಬೆಳಿಗ್ಗೆ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಗೆರೆ ಢಾಳಾಗಿ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಗ್ರೀಸಿನ ಇನ್ನೊಂದು ಗೆರೆ ಬಿದ್ದಿರುತ್ತಿತ್ತು. ಮಾತು ಬಹಳ ಕಡಿಮೆ. ವಿದ್ಯಾರ್ಥಿಗಳ ಮೇಲೆ ಅವರಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. "ಹಾರೋದು ಆಮೇಲೆ. ಮೊದ್ಲು ಗಾಜು ಒರ್ಸಿ" ಎಂದು ಬಟ್ಟೆ ಕೈಗೆ ಕೊಡುತ್ತಿದ್ದರು.

ಶಾಲೆಯಲ್ಲಿದ್ದದ್ದು ಎರಡೇ ವಿಮಾನ. ಎರಡೂ ಇಬ್ಬರು ಕೂರುವಂಥವು, ಒಂದೇ ಮಾದರಿಯವು. ಒಂದಕ್ಕೆ ಹಳದಿ ಪಟ್ಟಿ, ಇನ್ನೊಂದಕ್ಕೆ ನೀಲಿ.

ಇಂಥ ವಿಮಾನವನ್ನು ಇಳಿಸುವಾಗ ಮೊದಲು ಕಲಿಸುವುದು ವೇಗದ ಲೆಕ್ಕ. ನಮ್ಮದಕ್ಕೆ ಅರವತ್ತು ನಾಟ್, ಅಂದರೆ ಗಂಟೆಗೆ ಸುಮಾರು ನೂರಹತ್ತು ಕಿಲೋಮೀಟರ್. ಅದಕ್ಕಿಂತ ಕಡಿಮೆಯಾದರೆ ವಿಮಾನ ಕುಸಿಯುತ್ತದೆ. ಹೆಚ್ಚಾದರೆ ನೆಲಕ್ಕೆ ಇಳಿಯದೆ ತೇಲಿಕೊಂಡೇ ಹೋಗುತ್ತದೆ. ಆ ಮಂಗಳವಾರ ನಾನು ವೇಗದ ಮೀಟರಿನ ಮುಳ್ಳನ್ನು ಅರವತ್ತರ ಮೇಲೆ ಕೂರಿಸಿಕೊಂಡೇ ಬಂದೆ. ಹಳದಿ ವಿಮಾನ ಇಳಿಯಲಿಲ್ಲ. ರನ್‌ವೇಯ ಅರ್ಧ ಹಾದಿ ಕೆಳಗೆ ಸರಿದುಹೋಯಿತು. ಮುಂದೆ ಬೇಲಿ ಕಾಣಿಸಿತು. ಹೆದರಿ ಮೂಗನ್ನು ಕೆಳಕ್ಕೆ ಒತ್ತಿದೆ. ಮುಂದಿನ ಚಕ್ರ ಮೊದಲು ನೆಲಕ್ಕೆ ತಾಗಿತು, ವಿಮಾನ ಚೆಂಡಿನ ಹಾಗೆ ಪುಟಿಯಿತು. ಆ ಕ್ಷಣದಲ್ಲಿ ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲೇರಬೇಕಿತ್ತು. ಅದು ನನಗೆ ಗೊತ್ತಿತ್ತು, ಆದರೆ ಕೈ ಹಾಗೆ ಮಾಡಲಿಲ್ಲ. ಮತ್ತೆ ಒತ್ತಿದೆ. ಎರಡನೇ ಸಲ ಇನ್ನೂ ಎತ್ತರಕ್ಕೆ ಪುಟಿಯಿತು. ಮೂರನೇ ಸಲಕ್ಕೆ ಮುಂದಿನ ಚಕ್ರ ಮುರಿದು ಮಡಚಿಕೊಂಡಿತು, ಪ್ರೊಪೆಲ್ಲರ್ ನೆಲ ಕೆರೆಯಿತು, ವಿಮಾನ ಮೂಗು ಊರಿ ನಿಂತಿತು. ನನ್ನ ಎಡಗೈ ಮಣಿಕಟ್ಟು ಮುರಿದಿತ್ತು, ಗಲ್ಲ ಸೀಳಿತ್ತು.

ಮೊದಲು ಓಡಿ ಬಂದದ್ದು ಪಂಚಾಕ್ಷರಯ್ಯನವರೇ. ಪೆಟ್ರೋಲ್ ಮುಚ್ಚಿ, ಬ್ಯಾಟರಿ ಬಿಚ್ಚಿ, ಆಮೇಲೆ ನನ್ನ ಬೆಲ್ಟು ಬಿಚ್ಚಿದರು. "ಎದ್ದೇಳಿ, ಎದ್ದೇಳಿ" ಎಂದರೇ ಹೊರತು ನೋವಾಯಿತಾ ಎಂದು ಕೇಳಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಹಳದಿ ವಿಮಾನದ ಮುಂದಿನ ಚಕ್ರ ಮುರಿದದ್ದು ಅದು ಮೂರನೇ ಸಲ. ನನಗಿಂತ ಮುಂಚೆ ಇಬ್ಬರು ಹುಡುಗರು ಹೀಗೇ ಪುಟಿಸಿ ಮುರಿದಿದ್ದರು. ಇಬ್ಬರೂ ಶಾಲೆ ಬಿಟ್ಟು ಹೋದರು. ಎರಡು ವರದಿಗಳಲ್ಲೂ ಒಂದೇ ವಾಕ್ಯ: ವಿದ್ಯಾರ್ಥಿಯು ವೇಗವನ್ನು ಸರಿಯಾಗಿ ಕಾಯ್ದುಕೊಳ್ಳಲಿಲ್ಲ. ನನ್ನ ವರದಿ ಬರಲು ಹನ್ನೊಂದು ದಿನ ಹಿಡಿಯಿತು. ಹೆಸರೊಂದನ್ನು ಬದಲಾಯಿಸಿ ಅದೇ ವಾಕ್ಯವನ್ನು ಬರೆದಿದ್ದರು.

ನಮ್ಮ ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ವರದಿಯನ್ನು ಎರಡು ಸಲ ಓದಿದರು.

"ನೀನು ಅರವತ್ತು ಇಟ್ಟಿದ್ಯಾ?"

"ಇಟ್ಟಿದ್ದೆ ಅಪ್ಪ."

"ಹಾಗಾದ್ರೆ ಹೋಗಿ ಹೇಳು. ಇಲ್ಲಿ ಕೂತು ಅತ್ತರೆ ಏನು ಬಂತು?"

ಹಾರಾಟ ಶಾಲೆಯ ಮುಖ್ಯ ಶಿಕ್ಷಕರಾದ ಕ್ಯಾಪ್ಟನ್ ಆತ್ರೇಯ ಅವರಿಗೆ ಹೇಳಿದೆ. "ಎಲ್ಲಾರೂ ಅದನ್ನೇ ಹೇಳ್ತಾರೆ ಸುಪ್ರಜಾ" ಎಂದು ನಕ್ಕರು. ಕೈಗೆ ಬ್ಯಾಂಡೇಜ್ ಕಟ್ಟಿಕೊಂಡೇ ವಿಮಾನದ ಶೆಡ್ಡಿಗೆ ನಡೆದೆ. ಪಂಚಾಕ್ಷರಯ್ಯನವರು ಮುರಿದ ಚಕ್ರದ ಕಂಬವನ್ನು ಬಿಚ್ಚುತ್ತಿದ್ದರು.

"ಸಾರ್, ಮುಳ್ಳು ಅರವತ್ತರಲ್ಲೇ ಇತ್ತು."

ಅವರು ತಲೆ ಎತ್ತಲಿಲ್ಲ. "ಮೀಟ್ರು ನಾನೇ ಟೆಸ್ಟ್ ಮಾಡ್ಸಿದೀನಿ ಕಣಮ್ಮ. ಮೀಟ್ರು ಸರಿಯಾಗಿದೆ."

"ಹಾಗಾದ್ರೆ ಇದನ್ನ ನೋಡಿ" ಎಂದು ನನ್ನ ನೋಟ್ ಪುಸ್ತಕವನ್ನು ಮುಂದೆ ಹಿಡಿದೆ.

ಮೇಷ್ಟ್ರ ಮಗಳಾದ್ದರಿಂದ ನನಗೊಂದು ಚಾಳಿಯಿತ್ತು. ಪ್ರತಿ ಸಲ ಇಳಿದ ಮೇಲೆ ಆ ದಿನದ ಗಾಳಿ, ಮುಳ್ಳಿನ ವೇಗ, ಚಕ್ರ ನೆಲ ಮುಟ್ಟಿದ ಜಾಗ ಎಲ್ಲವನ್ನೂ ಬರೆದಿಡುತ್ತಿದ್ದೆ. ರನ್‌ವೇಯ ಅಂಚಿನಲ್ಲಿ ಸುಣ್ಣ ಬಳಿದ ಕಲ್ಲುಗಳಿದ್ದವು. ನೀಲಿ ವಿಮಾನದಲ್ಲಿ ಅರವತ್ತು ಇಟ್ಟುಕೊಂಡು ಬಂದಾಗೆಲ್ಲ ಎರಡನೇ ಕಲ್ಲಿನ ಹತ್ತಿರ ಇಳಿದಿದ್ದೆ. ಹಳದಿಯಲ್ಲಿ ಅದೇ ಅರವತ್ತಕ್ಕೆ ನಾಲ್ಕನೇ ಕಲ್ಲು, ಕೆಲವು ಸಲ ಐದನೇದು. ಇಪ್ಪತ್ತಾರು ಸಲ ಇಳಿದದ್ದರ ದಾಖಲೆ ಅದು, ಒಂದು ಸಲವೂ ಈ ವ್ಯತ್ಯಾಸ ತಪ್ಪಿರಲಿಲ್ಲ.

ಅವರು ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡರು. ಓದಿದರು. ಹಿಂದಿನ ಪುಟಕ್ಕೆ ಹೋಗಿ ಮತ್ತೆ ಓದಿದರು. "ಇದು ನನ್ ಹತ್ರ ಇರ್ಲಿ" ಎಂದಷ್ಟೇ ಹೇಳಿ ಪುಸ್ತಕವನ್ನು ಅಂಗಿಯೊಳಗೆ ಇಟ್ಟುಕೊಂಡರು.

ನಾಲ್ಕು ದಿನದ ಮೇಲೆ, ಮುಂಜಾನೆಯೇ ನಮ್ಮ ಮನೆಯ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ, ಮೆಟ್ಟಿಲ ಮೇಲೆ ನಿಂತೇ ಹೇಳಿದರು.

ವಿಮಾನದ ರೆಕ್ಕೆಯ ಕೆಳಗೆ ಬೆರಳ ಗಾತ್ರದ ಒಂದು ಕೊಳವೆ ಇರುತ್ತದೆ. ಎದುರುಗಾಳಿ ಅದರೊಳಗೆ ನುಗ್ಗುತ್ತದೆ. ಆ ಒತ್ತಡ ಒಂದು ಸಣ್ಣ ಪೈಪಿನಲ್ಲಿ ಹರಿದು ಬಂದು ವೇಗದ ಮುಳ್ಳನ್ನು ತಿರುಗಿಸುತ್ತದೆ. ಮೀಟರನ್ನು ಬಿಚ್ಚಿ ಮೇಜಿನ ಮೇಲಿಟ್ಟು ಪರೀಕ್ಷಿಸಿದರೆ ಅದು ಸರಿಯಾಗಿಯೇ ಇರುತ್ತದೆ. ಆದರೆ ನಡುವಿನ ಪೈಪು ಸೋರುತ್ತಿದ್ದರೆ? ಅವರು ಔಷಧಿ ಅಂಗಡಿಯಿಂದ ದೊಡ್ಡದೊಂದು ಸಿರಿಂಜು, ಗ್ಲೂಕೋಸ್ ಏರಿಸುವ ನಳಿಕೆ ತಂದು ರೆಕ್ಕೆಯ ಕೊಳವೆಗೆ ಸಿಕ್ಕಿಸಿ, ಮೆಲ್ಲಗೆ ಗಾಳಿ ಒತ್ತಿ ಮುಳ್ಳನ್ನು ಅರವತ್ತಕ್ಕೆ ತಂದು ನಳಿಕೆಯನ್ನು ಮಡಚಿ ಹಿಡಿದಿದ್ದರು. ಮುಳ್ಳು ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಐವತ್ತೈದು, ಐವತ್ತು, ನಲವತ್ತು ಎಂದು ಜಾರಿತು. ಡ್ಯಾಶ್‌ಬೋರ್ಡ್ ಹಿಂದೆ ಕೈ ಹಾಕಿ ತಡಕಿದಾಗ ರಬ್ಬರ್ ಜೋಡಣೆಯೊಂದು ತಳಭಾಗದಲ್ಲಿ ಸೀಳಿದ್ದು ಸಿಕ್ಕಿತು.

"ನೀವು ಅರವತ್ತು ನೋಡ್ತಿದ್ರಿ. ಇದ್ದಿದ್ದು ಅರವತ್ತೇಳೋ ಅರವತ್ತೆಂಟೋ" ಎಂದರು. "ಹಾರೋದು ಕಲಿಸೋ ಮೇಷ್ಟ್ರುಗಳು ಮುಳ್ಳು ನೋಡಿ ಇಳಿಸಲ್ಲ ಕಣಮ್ಮ, ಅವರಿಗೆ ಅಂದಾಜು ಇರುತ್ತೆ. ಅದಕ್ಕೇ ಯಾರಿಗೂ ಗೊತ್ತಾಗ್ಲಿಲ್ಲ. ಹೇಳಿದ ಮಾತು ಕೇಳಿ ಮುಳ್ಳನ್ನೇ ನೋಡ್ಕೊಂಡು ಬಂದೋರು ಮೂರು ಜನ. ಮೂರು ಜನಾನೂ ಬಿದ್ರಿ."

ನನಗೆ ಕುಣಿಯಬೇಕೆನಿಸಿತು. ಅವರ ಮುಖ ನೋಡಿ ಸುಮ್ಮನಾದೆ.

"ಆ ಪೈಪಿನ ಸೋರಿಕೆ ಟೆಸ್ಟ್ ವರ್ಷವರ್ಷ ಮಾಡ್ಬೇಕು. ಟೆಸ್ಟ್ ಮಾಡೋ ಯಂತ್ರ ಕೆಟ್ಟು ಎರಡು ವರ್ಷ ಆಯ್ತು. ಹೊಸದು ಕೇಳಿ ಕೇಳಿ ಸಾಕಾಯ್ತು. ಕೊನೆಗೆ ಮಾಡಿದೀನಿ ಅಂತ ಬರ್ದು ಸಹಿ ಹಾಕಿದೆ. ಎರಡು ಸಲ ಹಾಕಿದೀನಿ. ಒಂದು ಸಿರಿಂಜಲ್ಲಿ ಆಗೋ ಕೆಲ್ಸ. ಅದೂ ಹೊಳೀಲಿಲ್ಲ."

ಅದೇ ದಿನ ನಾವಿಬ್ಬರೂ ಮಲ್ಲೇಶ್ವರದ ಕಚೇರಿಗೆ ಹೋದೆವು. ಸಂಪಿಗೆ ರಸ್ತೆಯ ಒಂದು ಅಡ್ಡರಸ್ತೆಯಲ್ಲಿ, ಸೀರೆ ಅಂಗಡಿಯ ಮಹಡಿಯ ಮೇಲೆ ಶಾಲೆಯ ಆಫೀಸು. ಕ್ಯಾಪ್ಟನ್ ಆತ್ರೇಯ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು.

"ಪಂಚಾಕ್ಷರಯ್ಯನೋರೆ, ವಿಮಾನ ಮೂಗು ಊರಿ ಬಿದ್ದಿದೆ. ಆ ಏಟಿಗೇ ಪೈಪು ಸೀಳಿರಬಹುದಲ್ಲ?"

"ಇಲ್ಲ ಸಾರ್. ಸೀಳಿನೊಳಗೆ ಧೂಳು ಕೂತು ಗಟ್ಟಿಯಾಗಿದೆ. ಹಳೇ ಸೀಳು. ಈ ಹುಡುಗಿ ಬರ್ದಿರೋದು ನೋಡಿ, ಎಂಟು ತಿಂಗಳಿಂದ..."

"ವಿದ್ಯಾರ್ಥಿ ಬರ್ಕೊಂಡಿದ್ದು ಸಾಕ್ಷಿ ಆಗಲ್ಲ. ಸೋರಿಕೆ ಟೆಸ್ಟ್ ಮಾಡಿದೀನಿ ಅಂತ ನಿಮ್ಮದೇ ಸಹಿ ಇದೆಯಲ್ಲ?"

"ಅದು ಸುಳ್ಳು ಸಹಿ ಸಾರ್."

ಆತ್ರೇಯ ಎದ್ದು ಬಾಗಿಲು ಹಾಕಿ ಬಂದರು. "ಈ ಮಾತು ಇನ್ನೊಂದ್ಸಲ ಆಡಬೇಡಿ. ನಿಮ್ಮ ಲೈಸೆನ್ಸ್ ಹೋಗುತ್ತೆ. ಶಾಲೆ ಮುಚ್ಚುತ್ತೆ. ಪೈಪು ಬದಲಾಯಿಸಿಬಿಡಿ, ಮುಗೀತು."

"ಪೈಪು ಅವತ್ತೇ ಬದಲಾಯಿಸಿದೀನಿ. ವರದಿ ಬದಲಾಯಿಸಿ."

"ವರದಿ ಕಳ್ಸಿ ಆಯ್ತಲ್ರೀ!"

ಮೆಟ್ಟಿಲಿಳಿದು ಬರುವಾಗ ನಾನು ಆತ್ರೇಯರನ್ನು ಬಾಯಿಗೆ ಬಂದಂತೆ ಬೈದೆ. ಪಂಚಾಕ್ಷರಯ್ಯನವರು ನನ್ನನ್ನು ಅಲ್ಲೇ ನಿಲ್ಲಿಸಿದರು. "ನೋಡಮ್ಮಾ, ಮೊದಲ್ನೇ ಸಲ ಪುಟಿದಾಗ ಮೇಲೆ ಹೋಗ್ಬೇಕಿತ್ತು, ನೀವು ಹೋಗ್ಲಿಲ್ಲ. ಅದು ನಿಮ್ಮ ಪಾಲು. ಅದನ್ನ ನಾನು ಹೊರಲ್ಲ. ಮಿಕ್ಕಿದ್ದು ನಂದು." ಅಂದು ಆ ಮಾತು ನನಗೆ ಬಹಳ ಸಿಟ್ಟು ತರಿಸಿತು. ನನ್ನ ಕಡೆಯವರಾಗಿ ಬಂದವರು ಪೂರ್ತಿ ನನ್ನ ಕಡೆಯೇ ಇರಬೇಕಿತ್ತು ಎನಿಸಿತ್ತು.

ವಿಮಾನಗಳ ತಪಾಸಣೆಗೆಂದು ಸರ್ಕಾರದ ಒಂದು ಕಚೇರಿ ಇತ್ತು. ಅವರು ಅಲ್ಲಿಗೇ ನೇರವಾಗಿ ಬರೆದರು. ಎರಡು ತಿಂಗಳು ಉತ್ತರವಿಲ್ಲ. ಖುದ್ದಾಗಿ ಹೋದರು. ಅಲ್ಲಿನ ಗುಮಾಸ್ತ ನರಸಿಂಹಯ್ಯ ಎಂಬವರು ಅರ್ಜಿ ತಿರುವಿ ನೋಡಿ, "ನೀವು ಇದಕ್ಕೆ ಸಂಬಂಧಪಟ್ಟವರಲ್ವಲ್ಲ. ವಿಮಾನ ಹಾರಿಸಿದೋರು ಅರ್ಜಿ ಹಾಕ್ಬೇಕು" ಎಂದರು. ನಾನು ಹಾಕಿದೆ. "ವಿದ್ಯಾರ್ಥಿ ಅರ್ಜಿ ಶಾಲೆ ಮೂಲಕ ಬರಬೇಕು" ಎಂದರು. ಶಾಲೆ ಕಳಿಸಲಿಲ್ಲ. ನೋಂದಾಯಿತ ಅಂಚೆಯಲ್ಲಿ ಮತ್ತೆ ಕಳಿಸಿದೆವು. ಅಪಘಾತವಾಗಿ ಮೂವತ್ತು ದಿನದೊಳಗೆ ಆಕ್ಷೇಪಣೆ ಬರಬೇಕಿತ್ತು ಎಂದು ಉತ್ತರ ಬಂತು. ಮೂವತ್ತು ದಿನದೊಳಗೆ ಬರೆದಿದ್ದ ಮೊದಲ ಪತ್ರ ಎಲ್ಲಿ ಎಂದು ಕೇಳಿದರೆ, ಅದು ಸಂಬಂಧಪಡದವರ ಪತ್ರವಾದ್ದರಿಂದ ಕಡತಕ್ಕೆ ಸೇರಿಸಿಲ್ಲ ಎಂದರು. ಪಂಚಾಕ್ಷರಯ್ಯನವರು ಅಲ್ಲೇ ಬೆಂಚಿನ ಮೇಲೆ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ನಾನು ಅವರನ್ನು ಹಾಗೆ ನೋಡಿದ್ದು ಅದೊಂದೇ ಸಲ.

ಅಷ್ಟರಲ್ಲಿ ಶಾಲೆ ನನಗೆ ಹಾರಾಟ ನಿಲ್ಲಿಸಿತ್ತು. ಅಪಘಾತ ಮಾಡಿದ ವಿದ್ಯಾರ್ಥಿಗೆ ಮರುತರಬೇತಿ ಕೊಡಬೇಕು, ಕೊಡಲು ವಿಮಾನ ಖಾಲಿಯಿಲ್ಲ ಎನ್ನುವುದು ಅವರು ಕೊಟ್ಟ ಕಾರಣ. ಅಜ್ಜಿ ಜಾತಕ ಹೊರತೆಗೆದರು. ನಾನು ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯದ ಕೆಲಸಕ್ಕೆ ಸೇರಿದೆ. ಹುಡುಗಿಯರಿಗೆ ಒತ್ತಡದ ಪಾಠ ಮಾಡುವಾಗ ಹಲ್ಲು ಕಚ್ಚಿಕೊಳ್ಳುತ್ತಿದ್ದೆ.

೧೯೯೮ರ ಕೊನೆಗೆ ತಪಾಸಣೆಯ ಕಚೇರಿಗೆ ಒಬ್ಬ ಹೊಸ ಅಧಿಕಾರಿ ಬಂದರು. ಪಂಚಾಕ್ಷರಯ್ಯನವರ ಪತ್ರವನ್ನು ಯಾರೋ ಅವರ ಮೇಜಿನ ಮೇಲಿಟ್ಟರು. ಅವರು ಶೆಡ್ಡಿಗೆ ಬಂದು ಸೀಳಿದ ಪೈಪು ನೋಡಿದರು, ಪ್ರಶ್ನೆ ಕೇಳಿದರು, ಬರೆದುಕೊಂಡು ಹೋದರು. ಆರು ವಾರದಲ್ಲಿ ಆದೇಶ ಬಂತು. ನಾನು ಚಾಮರಾಜಪೇಟೆಗೆ ಓಡಿದೆ. ಪಂಚಾಕ್ಷರಯ್ಯನವರ ಹೆಂಡತಿ ಬಸವಮ್ಮ ಬಾಗಿಲು ತೆಗೆದರು. ಅತ್ತು ಅವರ ಕಣ್ಣು ಊದಿತ್ತು. "ಬಾರಮ್ಮ, ನೀನೇ ಓದು. ಇವರು ಮಾತೇ ಆಡ್ತಿಲ್ಲ" ಎಂದರು.

ಹಳದಿ ವಿಮಾನದ ವೇಗಮಾಪಕದ ಪೈಪು ಅಪಘಾತಕ್ಕೂ ಬಹಳ ಮೊದಲೇ ಸೀಳಿ ಸೋರುತ್ತಿತ್ತು. ಪರೀಕ್ಷೆ ಮಾಡದೆ ಮಾಡಿದೆನೆಂದು ಸಹಿ ಹಾಕಿದ್ದಕ್ಕಾಗಿ ಪಂಚಾಕ್ಷರಯ್ಯ ಎಂಬವರ ಲೈಸೆನ್ಸನ್ನು ಒಂದು ವರ್ಷ ಅಮಾನತಿನಲ್ಲಿ ಇಡಲಾಗಿದೆ. ಅಷ್ಟೇ. ನನ್ನ ವರದಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಮಾರನೆಯ ದಿನ ಇಬ್ಬರೂ ಮತ್ತೆ ನರಸಿಂಹಯ್ಯನವರ ಮುಂದೆ ನಿಂತೆವು.

"ಅದು ಮೆಕ್ಯಾನಿಕ್ ಫೈಲು, ಇದು ಅಪಘಾತದ ಫೈಲು. ಎರಡೂ ಬೇರೆ ಬೇರೆ ಸೆಕ್ಷನ್ ಕಣಮ್ಮ" ಎಂದರು ಅವರು.

"ವಿಮಾನ ಒಂದೇ ಅಲ್ವಾ ಸ್ವಾಮಿ?" ಪಂಚಾಕ್ಷರಯ್ಯನವರ ದನಿ ಆ ಕೋಣೆಯಲ್ಲಿ ಎಲ್ಲರೂ ತಿರುಗಿ ನೋಡುವಷ್ಟು ಏರಿತು. "ಪೈಪು ಸೋರ್ತಿತ್ತು ಅಂತ ನೀವೇ ಒಪ್ಕೊಂಡ್ರಿ, ನಂಗೆ ಶಿಕ್ಷೆ ಕೊಟ್ರಿ. ಹಾಗಾದ್ರೆ ಇವಳ ಮೇಲೆ ಬರ್ದಿರೋದು ಏನು?"

"ಫಾರಂನಲ್ಲಿ ಕಾರಣ ಅನ್ನೋದಕ್ಕೆ ಒಂದೇ ಗೆರೆ ಇರೋದು. ಅದು ಭರ್ತಿಯಾಗಿದೆ."

ಶಾಲೆ ಪಂಚಾಕ್ಷರಯ್ಯನವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಆರೋಪ ಹೊತ್ತ ಮೆಕ್ಯಾನಿಕನನ್ನು ಬೇರೆ ಯಾರೂ ಕರೆಯಲಿಲ್ಲ. ಐವತ್ತೊಂದನೇ ವಯಸ್ಸಿನಲ್ಲಿ ತಮ್ಮಂದಿರ ಪಂಪಿನ ಅಂಗಡಿಗೆ ಹೋಗಿ ಕೂತರು. ಮಾರ್ಕೆಟ್ಟಿನ ಕಡೆಯಿಂದ ಹೂವಿನ ಮೂಟೆ ಹೊತ್ತವರು ನುಗ್ಗಿ ಬರುವ ಗಲ್ಲಿಯಲ್ಲಿ ಆ ಅಂಗಡಿ. ನಾನು ಹೋದಾಗಲೆಲ್ಲ ಅವರು ಯಾವುದೋ ಮೋಟಾರನ್ನು ಬಿಚ್ಚಿಕೊಂಡು ಕೂತಿರುತ್ತಿದ್ದರು. ಗಿರಾಕಿಯೊಡನೆ ಮಾತಾಡುವುದು ಅವರಿಗೆ ಎಂದೂ ಒಗ್ಗಲಿಲ್ಲ. "ಇದು ಇನ್ನೊಂದು ವರ್ಷಾನೂ ಬರಲ್ಲ, ತಗೋಬೇಡಿ" ಎಂದು ಅವರೇ ಹೇಳಿಬಿಡುತ್ತಿದ್ದರಂತೆ. ತಮ್ಮ ಬಸವಪ್ರಭು ತಲೆ ಚಚ್ಚಿಕೊಳ್ಳುತ್ತಿದ್ದ.

"ನಿಮಗೆ ಪಶ್ಚಾತ್ತಾಪ ಆಗಲ್ವಾ?" ಎಂದು ಒಮ್ಮೆ ಕೇಳಿದೆ.

"ಯಾವುದಕ್ಕೆ? ಸಹಿ ಹಾಕಿದ್ದಕ್ಕೆ ಆಗುತ್ತೆ. ಹೇಳಿದ್ದಕ್ಕೆ ಆಗಲ್ಲ. ಆದ್ರೆ ಉರಿಯುತ್ತೆ ಕಣಮ್ಮ. ಹೊಟ್ಟೆ ಉರಿಯುತ್ತೆ. ಹೇಳಿದ್ರೂ ಸರಿಹೋಗ್ಲಿಲ್ಲ ಅಂದ್ರೆ ಯಾತಕ್ಕೆ ಹೇಳ್ಬೇಕಿತ್ತು?"

೨೦೦೦ದಲ್ಲಿ ನಾನು ಹೊರರಾಜ್ಯದ ಒಂದು ಹಾರಾಟ ಶಾಲೆಗೆ ಬರೆದೆ. ಹಿಂದಿನ ಶಾಲೆಯ ದಾಖಲೆ ತನ್ನಿ ಎಂದರು. ದಾಖಲೆಯಲ್ಲಿ ಆ ವಾಕ್ಯವಿತ್ತು. ಬರುವುದು ಬೇಡ ಎಂದು ಉತ್ತರ ಬಂತು. ಅಂಗಡಿಗೆ ಹೋಗಿ ಆ ಪತ್ರವನ್ನು ತೋರಿಸಿದೆ. ಅವರು ಓದಿ, ಕೈ ತೊಳೆದುಕೊಂಡು, ಬಸವಪ್ರಭುವಿಗೆ "ಮೂರು ದಿನ ಬರಲ್ಲ" ಎಂದರು.

ಇಬ್ಬರೂ ರೈಲು ಹತ್ತಿದೆವು. ಒಂದು ಹಗಲು, ಒಂದು ರಾತ್ರಿ. ಅವರ ಬ್ಯಾಗಿನಲ್ಲಿ ಸೀಳಿದ ಪೈಪಿನ ತುಂಡು, ನನ್ನ ನೋಟ್ ಪುಸ್ತಕ, ಬಸವಮ್ಮ ಕಟ್ಟಿಕೊಟ್ಟ ಜೋಳದ ರೊಟ್ಟಿ, ಚಟ್ನಿಪುಡಿ, ಮತ್ತು ತಮ್ಮದೇ ಅಮಾನತಿನ ಆದೇಶ. ಆ ಶಾಲೆಯ ಮುಖ್ಯ ಶಿಕ್ಷಕಿ ಆಂಡಾಳ್ ಎಂಬ ನಿವೃತ್ತ ಪೈಲಟ್. ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಮೊದಲು ನಮ್ಮನ್ನು ಕೂರಿಸಲೂ ಇಲ್ಲ.

ಪಂಚಾಕ್ಷರಯ್ಯನವರು ಆದೇಶದ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟರು. "ಮೇಡಂ, ಆ ಪೈಪು ಅಪಘಾತಕ್ಕಿಂತ ಮೊದ್ಲೇ ಸೋರ್ತಿತ್ತು ಅಂತ ಸರ್ಕಾರ ಬರ್ಕೊಟ್ಟಿರೋದು ಇದೊಂದೇ ಕಾಗದ. ನನ್ನ ಶಿಕ್ಷೆ ಕಾಗದ. ಇದನ್ನ ಓದಿ, ಆಮೇಲೆ ಇವಳ ಪುಸ್ತಕ ನೋಡಿ. ಇಷ್ಟಾದ್ಮೇಲೂ ಬೇಡ ಅಂದ್ರೆ ಹೋಗ್ತೀವಿ."

ಆಂಡಾಳ್ ಬಹಳ ಹೊತ್ತು ಓದಿದರು. ಕಲ್ಲುಗಳ ಲೆಕ್ಕದ ಮೇಲೆ ಬೆರಳಾಡಿಸಿದರು. "ಪುಟಿದಾಗ ಯಾಕೆ ಮೇಲೆ ಹೋಗಲಿಲ್ಲ?" ಎಂದು ನನ್ನನ್ನು ಕೇಳಿದರು.

"ಹೆದರಿಬಿಟ್ಟೆ" ಎಂದೆ. "ಅದು ನನ್ನ ತಪ್ಪು."

"ನಾಳೆ ಆರಕ್ಕೆ ಬಾ" ಎಂದರು.

ಮರುದಿನ ಅವರ ಜೊತೆ ಹಾರಿದೆ. ಹನ್ನೊಂದು ಸಲ ಇಳಿಸಲು ಬಂದು, ಹನ್ನೊಂದು ಸಲವೂ ನೆಲ ಮುಟ್ಟುವ ಮುನ್ನ ಎಂಜಿನ್ ಏರಿಸಿ ಮೇಲೆ ಹೋಗಲು ಹೇಳಿದರು. ಹನ್ನೆರಡನೇ ಸಲ ಇಳಿಸಿದೆ. ಪಂಚಾಕ್ಷರಯ್ಯನವರು ಬೇಲಿಯ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದರು. ನಾನು ಓಡಿ ಹೋದಾಗ ಹೇಳಿದ್ದು ಇಷ್ಟೇ: "ಹೊರಡೋ ಮುಂಚೆ ಪೈಪು ನೋಡಿದ್ಯಾ?" ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅಂದೇ ಮೊದಲು.

ಎಲ್ಲ ಸುಖಾಂತವಾಯಿತು ಎಂದು ನಾನು ಹೇಳಲಾರೆ. ಹಳೆಯ ಹಾರಾಟದ ಗಂಟೆಗಳು ಲೆಕ್ಕಕ್ಕೆ ಬರಲಿಲ್ಲ, ಮೊದಲಿಂದ ಶುರು ಮಾಡಬೇಕಾಯಿತು. ವಾಣಿಜ್ಯ ಲೈಸೆನ್ಸ್ ಕೈಗೆ ಬಂದಾಗ ನನಗೆ ಇಪ್ಪತ್ತೊಂಬತ್ತು. ದೊಡ್ಡ ಕಂಪನಿಗಳ ಸಂದರ್ಶನದಲ್ಲಿ "ಅಪಘಾತವೇನಾದರೂ?" ಎಂಬ ಪ್ರಶ್ನೆ ಬಂದ ಕೂಡಲೇ ಮಾತು ಮುಗಿಯುತ್ತಿತ್ತು. ಪೈಪಿನ ಕಥೆ ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಕೊನೆಗೆ ಆಂಡಾಳ್ ಅವರ ಶಾಲೆಯಲ್ಲೇ ಶಿಕ್ಷಕಿಯಾದೆ. ಪಂಚಾಕ್ಷರಯ್ಯನವರ ಲೈಸೆನ್ಸ್ ಕಾಗದದ ಮೇಲೆ ವಾಪಸು ಬಂತು. ಕೆಲಸ ಬರಲಿಲ್ಲ. ಮೊದಲು ಬಿದ್ದ ಇಬ್ಬರು ಹುಡುಗರನ್ನೂ ಅವರು ಹುಡುಕಿಸಿ ಪತ್ರ ಬರೆದರು. ಒಬ್ಬನ ವಿಳಾಸ ಸಿಗಲಿಲ್ಲ. ಇನ್ನೊಬ್ಬ "ಅದೆಲ್ಲ ಬಿಟ್ಟು ಬಹಳ ದಿನ ಆಯ್ತು, ತೊಂದರೆ ತಗೋಬೇಡಿ" ಎಂದು ಒಂದು ಕಾರ್ಡು ಬರೆದ. ಆ ಕಾರ್ಡು ಅವರನ್ನು ಒಂದು ವಾರ ಕಾಡಿತೆಂದು ಬಸವಮ್ಮ ಹೇಳಿದರು.

ಪ್ರತಿ ವರ್ಷ ಫೆಬ್ರವರಿಯಲ್ಲಿ ಅವರು ಆ ತಪಾಸಣೆಯ ಕಚೇರಿಗೆ ಒಂದು ಪತ್ರ ಬರೆಯುತ್ತಿದ್ದರು. ಮೂರೂ ಅಪಘಾತದ ವರದಿಗಳನ್ನು ತಿದ್ದಬೇಕು, ಕಾರಣದ ಗೆರೆಯಲ್ಲಿ ತಮ್ಮ ಹೆಸರನ್ನೂ ಬರೆಯಬೇಕು ಎನ್ನುವುದು ಅವರ ಬೇಡಿಕೆ. ಈ ಪತ್ರಗಳಿಗೆ ೨೦೦೬ರಲ್ಲಿ ಮೊದಲ ಸಲ ಉತ್ತರ ಬಂತು. ಆಗ ನಾನು ರಜೆಯ ಮೇಲೆ ಊರಿಗೆ ಬಂದಿದ್ದೆ. ಲಕೋಟೆ ಒಡೆಯದೆ ನನಗಾಗಿ ಇಟ್ಟುಕೊಂಡಿದ್ದರು.

ಸದರಿ ಕಡತಗಳ ಸಂರಕ್ಷಣಾ ಅವಧಿ ಮುಗಿದಿರುವುದರಿಂದ ಅವುಗಳನ್ನು ನಾಶಪಡಿಸಲಾಗಿದೆ ಎಂದು ಎರಡು ಸಾಲು.

"ಹೋಗ್ಲಿ ಬಿಡಿ ಸಾರ್" ಎಂದೆ ನಾನು. "ನನ್ನ ಮೇಲೆ ಬರ್ದಿದ್ದೂ ಹೋಯ್ತಲ್ಲ."

"ಹೋಯ್ತಾ?" ಅವರು ಕನ್ನಡಕ ತೆಗೆದರು. "ಅಳಿಸಿಬಿಟ್ರೆ ಸರಿ ಹೋಯ್ತಾ? ಸರ್ಕಾರದಲ್ಲಿ ಈಗ ಬರ್ದಿರೋದು ಏನು? ಏನೂ ಇಲ್ಲ. ಮೂರು ಮಕ್ಕಳು ಬಿದ್ರು, ಯಾಕೆ ಬಿದ್ರು ಅಂತ ಒಂದು ಕಡೆನೂ ಬರ್ದಿಲ್ಲ. ನಾಳೆ ಇನ್ನೊಬ್ಬ ಮೆಕ್ಯಾನಿಕ್ ಟೆಸ್ಟ್ ಮಾಡ್ದೆ ಸಹಿ ಹಾಕ್ತಾನೆ, ಇನ್ನೊಂದು ಮಗು ಅರವತ್ತು ಅಂತ ನಂಬ್ಕೊಂಡು ಇಳಿಸುತ್ತೆ. ಅವನು ಓದೋಕೆ ಏನಿದೆ?"

ಬಸವಮ್ಮ ಕಾಫಿ ತಂದಿಟ್ಟರು. ಪಂಚಾಕ್ಷರಯ್ಯನವರು ಮುಟ್ಟಲಿಲ್ಲ. ಕಾಗದವನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.

"ನೀನು ಮೇಷ್ಟ್ರ ಮಗಳು. ನಿಂಗೆ ಬರಿಯೋಕೆ ಬರುತ್ತೆ" ಎಂದರು ಕೊನೆಗೆ. "ಎಲ್ಲಾನೂ ಬರಿ. ನನ್ನ ಹೆಸರು ಬಿಡ್ಬೇಡ. ನಿನ್ನ ಪಾಲೂ ಬಿಡ್ಬೇಡ."

ನಾನು ಕಾಫಿ ಲೋಟ ಕೆಳಗಿಟ್ಟು, ಪೆನ್ನು ಕೇಳಿದೆ.